ಡೈರಿ ಪೂರ್ತಿ ಹುಡುಕಿದ್ರೂ ‘ನಾನು’ ಸಿಗಲಿಲ್ಲ

ಸಂಪಾದಕರೇ,

ಹೋದ ಭಾನುವಾರದ ಪುರವಣಿಲಿ ಡೈರಿ ಬರೆಯೋದರ ಬಗ್ಗೆ ಬಂದಿತ್ತಲ್ಲ, ಮಲಗೋ ಮುಂಚೆ ದಿನಾ ಮೂರು ಒಳ್ಳೇ ವಿಷಯ ಬರೆದಿಡಿ, ಕೆಟ್ಟದ್ದು ಬರೀಲೇಬೇಡಿ ಅಂತ, ಅದನ್ನ ಓದಿ ಸುಮ್ನಿರೋಕೆ ಆಗಲಿಲ್ಲ. 15 ವರ್ಷ ನಾನೂ ಡೈರಿ ಬರೆದವಳು. ದುಂಡು ಅಕ್ಷರ, ಒಂದು ಕಾಟಿಲ್ಲ ಗೀಟಿಲ್ಲ, ಯಾರಾದ್ರೂ ತೆಗೆದು ಓದಿದ್ರೆ ಎಂಥಾ ಒಳ್ಳೇ ಹೆಂಗಸು ಅನ್ನಬೇಕು ಹಾಗೆ. ಬೀಗ ಹಾಕಿ ಬೇರೆ ಇಡ್ತಿದ್ದೆ, ಇನ್ನು ಓದೋರು ಯಾರು ಅಂತ ಈಗ ನಗು ಬರುತ್ತೆ.

ಹೋದ ವರ್ಷ ಕಪಾಟು ಕ್ಲೀನ್ ಮಾಡ್ತಾ ಎಲ್ಲಾನೂ ಒಟ್ಟಿಗೆ ಕೂತು ಓದಿದೆ. ಎಲ್ಲಿ ನೋಡಿದ್ರೂ “ಸಿಟ್ಟು ಬಂತು”, “ಬೇಜಾರಾಯ್ತು”, “ಮಾತು ಬೆಳೀತು”, “ತಪ್ಪಾಯ್ತು”. ನಮ್ಮ ಕನ್ನಡದಲ್ಲಿ ಇದೊಂದು ಅನುಕೂಲ ನೋಡಿ, ಸಿಟ್ಟು ನೆಂಟರ ಥರ ತಾನಾಗೇ ಬಂದು ಹೋಗುತ್ತೆ, ತಪ್ಪು ಮಳೆ ಥರ ಆಗುತ್ತೆ, ಮಾಡಿದೋರು ಯಾರೂ ಇಲ್ಲ! “ತಪ್ಪು ಮಾಡಿದೆ” ಅನ್ನೋ ಸಾಲು ಅಷ್ಟೂ ವರ್ಷದಲ್ಲಿ ಒಂದೇ ಒಂದು ಸಲಾನೂ ಇರಲಿಲ್ಲ. ಒಳ್ಳೇ ಕೆಲಸದ ಕಡೆ ಮಾತ್ರ “ನಾನೇ ಮುಂದೆ ನಿಂತೆ” ಅಂತ ಗಟ್ಟಿಯಾಗಿ ಹಾಜರಿದ್ದೀನಿ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರ 1986ರ ಪ್ರಯೋಗ ಒಂದಿದೆ. ಕಾಲೇಜು ಹುಡುಗರಿಗೆ ದಿನಕ್ಕೆ 15 ನಿಮಿಷ, ಸತತ 4 ದಿನ, ಮನಸ್ಸಿಗೆ ಬಹಳ ಪೆಟ್ಟು ಕೊಟ್ಟ ಘಟನೆ ಬರೀರಿ ಅಂದ್ರು. ಅನ್ಸಿದ್ದನ್ನ ಬರೆದೋರು ಬರೆದ ತಕ್ಷಣ ಹಗುರ ಏನಾಗಲಿಲ್ಲ, ಇನ್ನಷ್ಟು ಮಂಕಾದ್ರು. ಆದ್ರೆ ಆಗಿದ್ದನ್ನೂ ಅನ್ಸಿದ್ದನ್ನೂ ಸೇರಿಸಿ ಬರೆದೋರು ಮುಂದಿನ 6 ತಿಂಗಳು ಡಾಕ್ಟರ್ ಹತ್ರ ಹೋಗಿದ್ದು ಕಮ್ಮಿ. ಆಮೇಲೆ ಇಂಥ ಬರಹಗಳ ಪದಗಳನ್ನೇ ಎಣಿಸಿ ನೋಡಿದಾಗ, ಒಂದಿನ “ನಾನು” ಇನ್ನೊಂದಿನ “ಅವರು” ಅಂತ ಜಾಗ ಬದಲಾಯಿಸಿ ಬರೆದೋರಿಗೇ ಹೆಚ್ಚು ಉಪಯೋಗ ಆಗಿತ್ತಂತೆ. ತಡ್ಕೊಳ್ಳೋಕೆ ಆಗಲ್ಲ ಅನ್ಸಿದ್ರೆ ನಿಲ್ಲಿಸಿಬಿಡಿ ಅಂತಾನೂ ಪೆನ್ನೆಬೇಕರ್ ಅವರೇ ಹೇಳಿದಾರೆ, ಅದೂ ಮುಖ್ಯ.

ನಾನೂ 4 ದಿನ ಕೂತೆ. ವಿಷಯ ಅಪ್ಪ ಹೋದ ರಾತ್ರಿ. ಮೊದಲ ದಿನ ಪೂರ್ತಿ ತಮ್ಮನ ಮೇಲೇ ಮೂರು ಪುಟ, ಅವನು ಸರಿಯಾಗಿ ತಿಳಿಸಲಿಲ್ಲ, ಎಲ್ಲಾ ಅವನೇ ಮಾಡ್ಕೊಂಡ, ನನ್ನ ಹೊರಗಿಟ್ಟ ಅಂತ. ಎರಡನೇ ದಿನಾನೂ ಅದೇ ರಾಮಾಯಣ, ಸ್ವಲ್ಪ ಕಾಟು ಹೊಡೆದಿದ್ದು ಜಾಸ್ತಿ ಅಷ್ಟೇ. ಮೂರನೇ ದಿನ ಬೇಕು ಅಂತಾನೇ ಅವನ ಜಾಗದಲ್ಲಿ ಕೂತು ಬರೆದೆ. “ಅವನು ಆಸ್ಪತ್ರೆ ವರಾಂಡದಲ್ಲಿ ಒಬ್ಬನೇ ಕೂತಿದ್ದ, ಕೈಲಿ ಫೋನಿತ್ತು” ಅಂತ ಬರೆದ ಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ, ನೋಟ್‌ಬುಕ್ ಮುಚ್ಚಿ ಎದ್ದುಬಿಟ್ಟೆ.

ನಾಲ್ಕನೇ ದಿನ ಬರೆದಿದ್ದು ಎರಡೇ ಸಾಲು. “ಫೋನ್ ಬಂದಿತ್ತು. ನಾನು ಎತ್ತಲಿಲ್ಲ.”

ಆ ವಾರ ಅವನ ಹತ್ರ ಜಗಳ ಆಡಿದ್ದೆ (ನೋಡಿ, ಈಗ “ಜಗಳ ಆಯ್ತು” ಅಂತ ಬರೆಯೋಕೆ ಹೋಗಿದ್ದೆ), ಇವನದ್ದು ಇದ್ದಿದ್ದೇ ಅಂತ ಫೋನ್ ಮಗುಚಿ ಇಟ್ಟು ಮಲಗಿದ್ದೆ. ಇದನ್ನ ಮರೆತಿದ್ನಾ, ಮುಚ್ಚಿಟ್ಟಿದ್ನಾ, ಇವತ್ತಿಗೂ ಹೇಳೋಕಾಗಲ್ಲ. ಆ ರಾತ್ರಿ ನನ್ನ ಡೈರಿಲಿ ಏನಿದೆ ಗೊತ್ತಾ ಸಾರ್, “ಸುದ್ದಿ ತಡವಾಗಿ ತಿಳೀತು” ಅಂತ ಇದೆ. ಮೂರು ಒಳ್ಳೇ ವಿಷಯ ಬರೆಯೋರು ಬರೀಲಿ, ನನ್ನ ತಕರಾರಿಲ್ಲ, ಕೆಟ್ಟದ್ದು ಬರೀಬೇಡಿ ಅಂತ ಮಾತ್ರ ದಯವಿಟ್ಟು ಅಚ್ಚು ಹಾಕಬೇಡಿ.

ಒಂದು ತಿಂಗಳು ಬಿಟ್ಟು ತಮ್ಮನಿಗೆ ಹೇಳಿದೆ, ಅವತ್ತು ನೀನು ಫೋನ್ ಮಾಡಿದ್ದೆ, ನಾನೇ ಎತ್ತಲಿಲ್ಲ ಕಣೋ ಅಂತ. ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ, “ಗೊತ್ತಿತ್ತು ಬಿಡಕ್ಕ, ರಿಂಗ್ ಆಗ್ತಾನೇ ಇತ್ತಲ್ಲ” ಅಂದ.

ಇಂತಿ,
ನಿಮ್ಮ ಹಳೇ ಓದುಗಾರ್ತಿ