ಕಾಶಿ ಟಿಕೆಟ್ಟೂ ಒಂದು ಕುಕ್ಕರೂ

ಹುಬ್ಬಳ್ಳಿ
ಭಾನುವಾರ ಮಧ್ಯಾಹ್ನ

ಪ್ರೀತಿಯ ಕೂಸಿಗೆ ಅವ್ವನ ಆಶೀರ್ವಾದಗಳು.

ಮೊನ್ನೆ ನೀನು ಕಾಶಿ ಟಿಕೆಟ್ಟಿನ ಸುದ್ದಿ ಹೇಳಿದಾಗ ನಾನು ಸರಿಯಾಗಿ ಖುಷಿಪಡಲಿಲ್ಲ ಅಂತ ನಿನಗೆ ಬೇಜಾರಾಗಿದೆ. "ಆಮೇಲೆ ಮಾತಾಡ್ತೀನಿ" ಅಂತ ನಾನು ಫೋನ್ ಇಟ್ಟುಬಿಟ್ಟೆ. ನಿಮ್ಮಪ್ಪ ಆಗಲೇ ಓಣಿಯಲ್ಲಿ ನಾಲ್ಕು ಮನೆಗೆ ಹೇಳಿ ಬಂದಿದ್ದಾರೆ, ಮಗಳು ವಿಮಾನದಲ್ಲಿ ಕಾಶಿಗೆ ಕಳಿಸ್ತಾಳೆ, ಅದೂ ಫ್ರೀ ಅಂತ. ಆಫೀಸಿನ ಖರ್ಚಿಗೆ ನಿನ್ನ ಕಾರ್ಡ್ ಉಜ್ಜಿದ್ದಕ್ಕೆ ಬ್ಯಾಂಕಿನವರು ಇನಾಮಾಗಿ ಕೊಟ್ಟ ಪಾಯಿಂಟಿನಿಂದ ಬರುವ ಟಿಕೆಟ್ಟು ಅದು. ಫೋನಿನಲ್ಲಿ ನನಗೆ ಮಾತು ಜೋಡಿಸಲು ಬರುವುದಿಲ್ಲ, ನಡುವೆ ನೀನು ಬಾಯಿ ಹಾಕುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿನ್ನ ಪರವಾಗಿ ಒಂದು ಮಾತು. ಆಫೀಸಿನ ಖರ್ಚನ್ನು ನಿನ್ನ ಕ್ರೆಡಿಟ್ ಕಾರ್ಡಿನಿಂದ ಕಟ್ಟುತ್ತೀ, ಬಿಲ್ ಹಾಕುತ್ತೀ, ತಿಂಗಳಿಗೋ ನಲವತ್ತು ದಿನಕ್ಕೋ ರೊಕ್ಕ ವಾಪಸ್ ಬರುತ್ತದೆ. ತಡವಾದರೆ ಬಡ್ಡಿ ಬೀಳುವುದು ನಿನಗೆ. ಅನೇಕ ಕಾರ್ಡುಗಳಲ್ಲಿ ಅದು ತಿಂಗಳಿಗೆ 3.5 ಪರ್ಸೆಂಟಿನ ಆಸುಪಾಸು. ವರ್ಷಕ್ಕೆ 42 ಆಯಿತು. ನಮ್ಮ ಓಣಿಯಲ್ಲಿ ಬಡ್ಡಿಗೆ ಕೊಡುತ್ತಿದ್ದ ಅಜ್ಜಿ ಕೂಡ ಇಷ್ಟು ಕೇಳುತ್ತಿರಲಿಲ್ಲ. ಇಷ್ಟು ಹೊಣೆ ಹೊತ್ತವಳಿಗೆ ನಾಲ್ಕು ಪಾಯಿಂಟ್ ಬಂದರೆ ಬರಲಿ ಬಿಡು. ಅದಕ್ಕೆ ನನ್ನ ತಕರಾರಿಲ್ಲ.

ನನಗೆ ಚುಚ್ಚಿದ್ದು ನೀನು ನಗುನಗುತ್ತಾ ಹೇಳಿದ ಇನ್ನೊಂದು ಮಾತು. ಆಫೀಸಿನ 25 ಜನರ ಮೀಟಿಂಗಿಗೆ ಎರಡು ಹೋಟೆಲ್ ನೋಡಿದ್ದೆಯಂತೆ. ಒಂದು 1,68,000. ಇನ್ನೊಂದು 1,90,000, ಆದರೆ ಕಾರ್ಡಿನವರ ಆ್ಯಪಿನಲ್ಲಿ ಬುಕ್ ಮಾಡಿದರೆ ಐದು ಪಟ್ಟು ಪಾಯಿಂಟ್. ನೀನು ಹಿಡಿದದ್ದು ಆ ಎರಡನೆಯದನ್ನೇ. "ಎರಡೂ ಬಜೆಟ್ಟಿನೊಳಗೇ ಇತ್ತು, ಅವ್ವಾ. ಯಾರೂ ಕೇಳಲ್ಲ" ಅಂದೆ. ಯಾರೂ ಕೇಳಲ್ಲ ಅನ್ನುವ ಮಾತು ನಿನ್ನ ಬಾಯಲ್ಲಿ ಬಂದಾಗ ನನಗೆ ಕುಕ್ಕರ್ ನೆನಪಾಯಿತು. ಅದರ ಕಥೆ ಆಮೇಲೆ.

ಈ ಪಾಯಿಂಟ್ ಎಲ್ಲಿಂದ ಬರುತ್ತದೆ ಅಂತ ಗಲ್ಲಾದ ಮೇಲೆ ಕೂತವರಿಗೆ ಚೆನ್ನಾಗಿ ಗೊತ್ತು. ನಾನು ಸೀರೆ ಅಂಗಡಿಯಲ್ಲಿದ್ದ ಕೊನೆಯ ವರ್ಷದ ಮಾತು. ಪಕ್ಕದ ಕೌಂಟರಿನಲ್ಲಿ ಒಬ್ಬ ಹುಡುಗ, ಬಲು ಚುರುಕು. ಗಿರಾಕಿ ನಗದು ಕೊಟ್ಟರೆ ಆ ನೋಟು ತನ್ನ ಜೇಬಿಗೆ ಹಾಕಿಕೊಂಡು ಮಷೀನಿನಲ್ಲಿ ತನ್ನ ಕಾರ್ಡ್ ಉಜ್ಜುತ್ತಿದ್ದ. ಲೆಕ್ಕ ಪೈಸೆಗೆ ಪೈಸೆ ಸರಿ. ರಾತ್ರಿ ಶಿಲ್ಕು ತಾಳೆ ಆಗುತ್ತಿತ್ತು. "ನಾನೇನು ಕದ್ದೇನ್ರಿ ಅಕ್ಕಾರ?" ಅಂತ ನನ್ನನ್ನೇ ಕೇಳಿದ. ನನಗೂ ಮೊದಲು ಹೌದಲ್ಲ ಅನಿಸಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಒಂದು ಮದುವೆ ಜವಳಿ ಬಿಲ್, 18,000. ಕಾರ್ಡ್ ಉಜ್ಜಿದರೆ ಬ್ಯಾಂಕಿನವರು ನಮ್ಮ ಅಂಗಡಿಯಿಂದ 2 ಪರ್ಸೆಂಟ್ ಹಿಡಿಯುತ್ತಿದ್ದರು. 360 ಆಯಿತು. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಸುಮಾರು 65. ಒಟ್ಟು 425 ರೂಪಾಯಿ ಮಾಲೀಕರ ಕೈಯಿಂದ ಹೋಯಿತು. ಗಿರಾಕಿ ಕೊಟ್ಟ ನೋಟನ್ನೇ ಗಲ್ಲಾಕ್ಕೆ ಹಾಕಿದ್ದರೆ ಇದರಲ್ಲಿ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ. ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೂ 2020ರ ಜನವರಿಯಿಂದ ಅಂಗಡಿಗೆ ಈ ಕಡಿತ ಇಲ್ಲ. ಆ 425ರಲ್ಲಿ ಕಾರ್ಡ್ ಕೊಟ್ಟ ಬ್ಯಾಂಕಿಗೊಂದು ಪಾಲು, ಮಷೀನ್ ಇಟ್ಟ ಬ್ಯಾಂಕಿಗೊಂದು ಪಾಲು, ವೀಸಾ ಮಾಸ್ಟರ್‌ಕಾರ್ಡಿನಂಥವರಿಗೊಂದು ಪಾಲು, ಸರ್ಕಾರಕ್ಕೊಂದು ಪಾಲು. ಇಷ್ಟೆಲ್ಲ ದಲಾಲಿ ಕಳೆದು ಆ ಹುಡುಗನಿಗೆ ಸಿಕ್ಕಿದ್ದು 90 ರೂಪಾಯಿ ಬೆಲೆಯ ಪಾಯಿಂಟ್. ತಾನು 90 ಗಳಿಸಲು ಮಾಲೀಕರ 425 ಕಳೆದ. ಕ್ರೆಡಿಟ್ ಕಾರ್ಡಿನಿಂದ ಎಟಿಎಮ್ಮಿನಲ್ಲಿ ರೊಕ್ಕ ತೆಗೆದರೆ ಅದೇ ದಿನದಿಂದ ಬಡ್ಡಿ ಶುರು. ಇವನಿಗೆ ಕೈಗೆ ನಗದೂ ಬಂತು, ಒಂದೂವರೆ ತಿಂಗಳು ಬಡ್ಡಿಯೂ ಇಲ್ಲ. ಮಾಲೀಕರಿಗೆ ಗೊತ್ತಾದ ದಿನ ಅವನ ಕೆಲಸ ಹೋಯಿತು. ನನಗೆ ಪಾಪ ಅನಿಸಿತು, ಖರೇ. ಅವನಿಗೆ ಯಾರೂ ಈ ಲೆಕ್ಕ ಬಿಡಿಸಿ ತೋರಿಸಿರಲಿಲ್ಲ.

ನಿನ್ನದು ಅವನಷ್ಟು ಕೆಟ್ಟದ್ದಲ್ಲ. ಹೋಟೆಲಿನವರು ಹೇಗೂ ಯಾರದೋ ಕಾರ್ಡ್ ತೆಗೆದುಕೊಳ್ಳುವವರೇ. ಆದರೆ ಪಾಯಿಂಟಿನ ಆಸೆಗೆ ಆಫೀಸಿನಿಂದ ಜಾಸ್ತಿ ಹೋದ ಆ 22,000 ಇದೆಯಲ್ಲ, ಅದನ್ನು ನನ್ನ ತಲೆಯಿಂದ ತೆಗೆಯಲು ಆಗುತ್ತಿಲ್ಲ.

ಈಗ ಕುಕ್ಕರಿನ ವಿಷಯ. ನೀನು ಹುಟ್ಟುವ ಹಿಂದಿನ ವರ್ಷ ನಮ್ಮ ಅಂಗಡಿಯಲ್ಲಿ ದೀಪಾವಳಿ ಲಕ್ಕಿ ಡ್ರಾ ಇಟ್ಟಿದ್ದರು. 500 ರೂಪಾಯಿ ಖರೀದಿಗೆ ಒಂದು ಕೂಪನ್. ಹೆಸರು ಬರೆದು ತಗಡಿನ ಡಬ್ಬಿಗೆ ಹಾಕಬೇಕು. ಕೂಪನ್ ನಂಬರನ್ನು ಬಿಲ್ಲಿನ ಮೂಲೆಯಲ್ಲಿ ಬರೆಯುವುದು ನನ್ನ ಕೆಲಸ. ಕಲಘಟಗಿ, ಕುಂದಗೋಳ, ನವಲಗುಂದದ ಕಡೆಯಿಂದ ಬಂದವರಿಗೆ ಬಸ್ಸಿನ ಅವಸರ. ಎಷ್ಟೋ ಜನ ಕೂಪನ್ ಅಲ್ಲೇ ಬಿಟ್ಟು ಚೀಲ ಎತ್ತಿಕೊಂಡು ಓಡುತ್ತಿದ್ದರು. ಮೊದಲ ಎರಡು ದಿನ ನಾನೇ ಕೂಗಿ ಕರೆಯುತ್ತಿದ್ದೆ, "ಅವ್ವಾರ, ನಿಮ್ಮ ಕೂಪನ್ ಬಿಟ್ರಿ ನೋಡ್ರಿ." ಮೂರನೇ ದಿನ ಉಳಿದದ್ದರ ಮೇಲೆ ನಿಮ್ಮ ಸೋದರಮಾವನ ಹೆಸರು ಬರೆದೆ. ಅಂಗಡಿಯವರಿಗೆ ಡ್ರಾದಲ್ಲಿ ಸೇರಲು ಇರಲಿಲ್ಲ, ಅದಕ್ಕೆ. ಹೇಗೂ ಕಸದ ಬುಟ್ಟಿಗೆ ಹೋಗುವುದಲ್ವಾ ಅಂತ.

ನಾಲ್ಕನೇ ದಿನದಿಂದ ನಾನು ಯಾರನ್ನೂ ಕೂಗಿ ಕರೆಯಲಿಲ್ಲ.

ಇದನ್ನು ನಾನು ಬೇಕಂತ ಮಾಡಲಿಲ್ಲ ಕೂಸೇ. ಬಾಯಿ ತಾನೇ ಮುಚ್ಚಿಕೊಂಡಿತು. ಚಿಲ್ಲರೆ ಎಣಿಸುವ ನೆಪ, ಬಿಲ್ ಪುಸ್ತಕ ತಿರುವುವ ನೆಪ. ಹಬ್ಬದ ಹೊತ್ತಿಗೆ ಮಾವನ ಹೆಸರಿನ ಚೀಟಿ ಅರವತ್ತರ ಮೇಲಾಗಿತ್ತು. ಮೂರನೇ ಬಹುಮಾನ ಬಂತು, ಐದು ಲೀಟರಿನ ಕುಕ್ಕರ್.

ವಾರ ಬಿಟ್ಟು ಒಬ್ಬ ಹೆಣ್ಣುಮಗಳು ಬಂದಳು. ಇಳಕಲ್ ಸೀರೆ, ಕಂಕುಳಲ್ಲಿ ಕೂಸು. ಎಂಟು ಮಡಿಕೆ ಮಾಡಿದ ಬಿಲ್ ಬಿಚ್ಚಿ ಗಲ್ಲಾದ ಮೇಲೆ ಇಟ್ಟಳು. ಅರಿಷಿಣದ ಕಲೆ ಇತ್ತು ಅದರ ಮೇಲೆ. "ಅವತ್ತು ಚೀಟಿ ಇಲ್ಲೇ ಬಿಟ್ಟು ಹೋಗಿದ್ದೆ, ಬಾಯಾರ. ನನ್ನ ನಂಬರಿಗೆ ಏನರ ಬಂತೇನು ನೋಡ್ರಿ." ಮೂಲೆಯಲ್ಲಿದ್ದ ನಂಬರು ನನ್ನದೇ ಅಕ್ಷರ. ಬಹುಮಾನ ಬಂದ ನಂಬರು ಅದಲ್ಲ. ಆದರೆ ಆ ಚೀಟಿಯೂ ಮಾವನ ಹೆಸರಿನಲ್ಲೇ ಡಬ್ಬಿ ಸೇರಿತ್ತು. "ಬರಲಿಲ್ಲ ನೋಡ್ರಿ" ಅಂದೆ. "ಇರ್ಲಿ ಬಿಡ್ರಿ, ಸುಮ್ನ ಕೇಳಿದೆ" ಅಂತ ಬಿಲ್ಲನ್ನು ಮತ್ತೆ ಎಂಟು ಮಡಿಕೆ ಮಾಡಿ ಸೊಂಟಕ್ಕೆ ಸಿಗಿಸಿಕೊಂಡು ಹೋದಳು.

ಆ ಕುಕ್ಕರಿನಲ್ಲೇ ನಿನಗೆ ಅನ್ನ ಮಾಡಿ ಹಾಕಿದ್ದು. ಹಿಡಿ ಎರಡು ಸಲ, ಗ್ಯಾಸ್ಕೆಟ್ ಲೆಕ್ಕವಿಲ್ಲದಷ್ಟು ಸಲ ಬದಲಾಗಿದೆ. ಈಗಲೂ ಕಟ್ಟೆಯ ಮೇಲಿದೆ. ಈ ಕಥೆ ನಿಮ್ಮಪ್ಪನಿಗೂ ಗೊತ್ತಿಲ್ಲ, ನೀನೂ ಹೇಳಬೇಡ.

ನೀನು ವಾದ ಮಾಡಿದೆ, ಅಮೆರಿಕದಲ್ಲಿ ಸರ್ಕಾರಿ ನೌಕರರೇ ವಿಮಾನದ ಮೈಲು, ಅಂದರೆ ಪ್ರಯಾಣ ಮಾಡಿದ್ದಕ್ಕೆ ವಿಮಾನದವರು ಕೊಡುವ ಪಾಯಿಂಟ್, ಇಟ್ಟುಕೊಳ್ಳುತ್ತಾರೆ ಅಂತ. ಪಕ್ಕದ ಮನೆಯ ರಿಟೈರ್ಡ್ ಕಾಕಾ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದವರು. ಅವರ ಹತ್ತಿರ ಕೇಳಿದೆ, ಅವರು ಕನ್ನಡಕ ಹಾಕಿಕೊಂಡು ಹುಡುಕಿ ಓದಿ ಹೇಳಿದರು. ನಿನ್ನ ಮಾತು ಖರೇ. ಅಲ್ಲಿ 2001ರ ಕೊನೆಯಲ್ಲಿ ಹಾಗೆ ಕಾನೂನು ಮಾಡಿದ್ದಾರೆ. ಆದರೆ ನೀನು ಒಂದು ಷರತ್ತು ಬಿಟ್ಟುಬಿಟ್ಟೆ. ಅದರಿಂದ ಸರ್ಕಾರಕ್ಕೆ ಜಾಸ್ತಿ ಖರ್ಚು ಬೀಳಬಾರದು. ನಮ್ಮ ಕೇಂದ್ರ ಸರ್ಕಾರದ 2017ರ ಆದೇಶ ಇನ್ನೂ ಬಿಗಿ. ಕಚೇರಿ ಕೆಲಸದ ವಿಮಾನ ಪ್ರಯಾಣದಿಂದ ಬಂದ ಮೈಲನ್ನು ಕಚೇರಿಯ ಪ್ರಯಾಣಕ್ಕೇ ಬಳಸಬೇಕು, ಸ್ವಂತಕ್ಕೆ ಬಳಸಿದರೆ ಇಲಾಖೆಯ ಕ್ರಮ. ನನಗೆ ಅಮೆರಿಕದವರದೇ ಸರಿ ಅನಿಸುತ್ತದೆ. ಊರೂರು ತಿರುಗಿ ಸೊಂಟ ನೋಯಿಸಿಕೊಂಡವನಿಗೆ ಒಂದು ಟಿಕೆಟ್ ಸಿಗಲಿ ಅಂತ. ಕಾಕಾ ಒಪ್ಪಲಿಲ್ಲ, ಚಹಾ ಆರುವವರೆಗೂ ಜಗಳಾಡಿದರು.

ಇನ್ನೊಂದು, ನನಗೆ ನಿಜವಾಗಿ ದಿಗಿಲಾಗಿರುವುದು. ವರ್ಷಕ್ಕೆ ಕಾರ್ಡಿನ ಬಿಲ್ 10 ಲಕ್ಷ ದಾಟಿ ಕಟ್ಟಿದರೆ ಬ್ಯಾಂಕಿನವರು ಇನ್ಕಮ್ ಟ್ಯಾಕ್ಸಿನವರಿಗೆ ಮಾಹಿತಿ ಕೊಡುತ್ತಾರೆ. ನಿನ್ನ ಪಗಾರ 9 ಲಕ್ಷ, ಕಾರ್ಡಿನಲ್ಲಿ 14 ಲಕ್ಷ ಓಡಾಡಿದೆ ಅಂದೆಯಲ್ಲ. ನಾಳೆ ಅವರು ಕೇಳಿದರೆ ಇದು ಆಫೀಸಿನ ಖರ್ಚು ಅಂತ ತೋರಿಸಲು ಬಿಲ್ಲು, ಮಂಜೂರಾದ ಮೇಲ್, ಖಾತೆಗೆ ರೊಕ್ಕ ಬಂದ ದಾಖಲೆ ಎಲ್ಲ ಇದೆಯಾ? ಒಂದು ಫೈಲ್ ಮಾಡಿ ಇಡು. ಇವತ್ತೇ.

ಸೋಮವಾರ ನಿಮ್ಮ ಮ್ಯಾನೇಜರಿಗೆ ಹೇಳಿಬಿಡು. ಇಷ್ಟು ಖರ್ಚು ನನ್ನ ಕಾರ್ಡಿನಲ್ಲಿ ಮಾಡಿದ್ದೇನೆ, ಇಷ್ಟು ಪಾಯಿಂಟ್ ಬಂದಿದೆ, ಇಟ್ಟುಕೊಳ್ಳಬಹುದಾ ಅಂತ. ಹೋಟೆಲಿನ ಎರಡೂ ರೇಟು ಅವರ ಮುಂದೆ ಇಡು. ಬೈದರೆ ಬೈಸಿಕೋ. ಆಫೀಸಿಗೇ ಒಂದು ಕಾರ್ಡ್ ಮಾಡಿಸಿಕೊಡಿ ಅಂತಲೂ ಕೇಳು, ಹೇಗೂ ಬಡ್ಡಿಯ ಭಯ ತಪ್ಪುತ್ತದೆ.

ಅವರು ಹೂಂ ಅಂದರೆ ವಿಮಾನ. ನನಗೆ ಕಿಟಕಿ ಸೀಟು ಬೇಕು, ಈಗಲೇ ಹೇಳಿರುತ್ತೇನೆ. ಇಲ್ಲ ಅಂದರೆ ನಮ್ಮ ಹುಬ್ಬಳ್ಳಿಯಿಂದಲೇ ಬನಾರಸಿಗೆ ವಾರಕ್ಕೊಮ್ಮೆ ರೈಲಿದೆ. ಎರಡು ದಿನದ ಬುತ್ತಿ ಕಟ್ಟಿಕೊಂಡರಾಯಿತು, ಸಜ್ಜಿ ರೊಟ್ಟಿ ಕೆಡುವುದಿಲ್ಲ. ನಿಮ್ಮಪ್ಪನಿಗೆ ಮಾತ್ರ ಕೆಳಗಿನ ಬರ್ತ್ ಸಿಗಬೇಕು, ಅದನ್ನು ನೀನೇ ನೋಡಿಕೊಡು. ಓಣಿಯವರಿಗೆ ಏನು ಹೇಳಬೇಕೋ ಅವರೇ ಹೇಳಿಕೊಳ್ಳಲಿ.

ಹೋದ ವಾರ ಕಳಿಸಿದ ಶೇಂಗಾ ಹಿಂಡಿ ಮುಟ್ಟಿತಾ? ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ ನೀನು.

ನಿನ್ನ ಅವ್ವ