ಅಮೆರಿಕದ ಸಂಸದ ಶ್ರೀ ಥಾನೇದಾರ್ ಅವರಿಗೆ ಬಹಿರಂಗ ಪತ್ರ: ವಾಟರ್ ಪಾರ್ಕಿನವರಿಗೆ 'ಬೇಡ' ಅನ್ನೋರು ಯಾರು?

ಮಾನ್ಯ ಥಾನೇದಾರ್ ಅವರೇ,

ನಮಸ್ಕಾರ. ನಾನು ನಿಮ್ಮ ಮಿಷಿಗನ್ ಕ್ಷೇತ್ರದವನಲ್ಲ, ಟೆಕ್ಸಾಸಿನವನು. ಆದರೆ ನಾನು ಹೇಳಹೊರಟಿರುವ ವಿಷಯ ನಿಮ್ಮ ಸಂಸತ್ತಿನಲ್ಲೇ ಇತ್ಯರ್ಥ ಆಗಬೇಕು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರೊಬ್ಬರು ಅಲ್ಲಿರುವಾಗ ಕನ್ನಡದಲ್ಲೇ ಬರೆದರಾಯಿತು ಅಂದುಕೊಂಡೆ.

ವಿಷಯ ಷ್ಲಿಟರ್‌ಬಾನ್ ವಾಟರ್ ಪಾರ್ಕಿನದು. ಆಸ್ಟಿನ್, ಸ್ಯಾನ್ ಆಂಟೋನಿಯೊ ಕಡೆಯ ಕನ್ನಡಿಗರಿಗೆ ಅದನ್ನು ಪರಿಚಯ ಮಾಡಿಕೊಡಬೇಕಿಲ್ಲ. ನ್ಯೂ ಬ್ರಾನ್‌ಫೆಲ್ಸ್‌ನ ಕೊಮಲ್ ನದಿ ದಡದಲ್ಲಿದ್ದ ಹಳೇ ರೆಸಾರ್ಟೊಂದನ್ನು ಹೆನ್ರಿ ದಂಪತಿ 1966ರಲ್ಲಿ ಕೊಂಡರು. 1979ರಲ್ಲಿ ಅಲ್ಲೇ ವಾಟರ್ ಪಾರ್ಕ್ ತೆರೆದರು. ಬುಗ್ಗೆಯಿಂದ ಬಂದ ತಣ್ಣನೆಯ ನದಿ ನೀರೇ ಜಾರುಬಂಡೆಗಳಲ್ಲಿ ಹರಿದು ವಾಪಸ್ ನದಿಗೆ ಸೇರುತ್ತಿತ್ತು. ಪಾರ್ಕಿಂಗಿಗೆ ದುಡ್ಡಿರಲಿಲ್ಲ, ಟ್ಯೂಬಿಗೆ ದುಡ್ಡಿರಲಿಲ್ಲ, ಊಟ ಮನೆಯಿಂದಲೇ ತರಬಹುದಿತ್ತು. ಕೂಲರ್ ತುಂಬಾ ಪುಳಿಯೋಗರೆ, ಮೊಸರನ್ನ ಒಯ್ದು ಮರದ ನೆರಳಲ್ಲಿ ಆರಾಮಾಗಿ ಕೂತು ತಿನ್ನಬಹುದಾದ ಪಾರ್ಕುಗಳು ಈ ದೇಶದಲ್ಲಿ ಎಷ್ಟಿವೆ ಹೇಳಿ. ಜನ ಆ ಕುಟುಂಬವನ್ನು ಸುಮ್ನೆ ಇಷ್ಟಪಡಲಿಲ್ಲ.

ಮಗ ಜೆಫ್ ಹೆನ್ರಿ ಎಂಜಿನಿಯರಿಂಗ್ ಓದಿದವರಲ್ಲ. ಆದರೂ ನೀರಿನ ರಭಸದಿಂದಲೇ ಟ್ಯೂಬನ್ನು ಏರು ಹತ್ತಿಸುವ ರೈಡ್ ಮಾಡಿ ಹೆಸರು ಗಳಿಸಿದರು. ಸೌತ್ ಪಾಡ್ರೆ ಐಲೆಂಡ್, ಗ್ಯಾಲ್ವೆಸ್ಟನ್, 2009ರಲ್ಲಿ ಕಾನ್ಸಾಸ್ ಸಿಟಿ ಅಂತ ಪಾರ್ಕುಗಳು ಹೆಚ್ಚುತ್ತಾ ಹೋದವು. 2013ರಲ್ಲಿ ಸೌತ್ ಪಾಡ್ರೆ ಪಾರ್ಕಿನಲ್ಲಿ ಕೆಲಸಕ್ಕಿದ್ದ ಲೈಫ್‌ಗಾರ್ಡ್ ಒಬ್ಬ ಸತ್ತ. ಅದು ಅಂಥ ದೊಡ್ಡ ಸುದ್ದಿಯಾಗಲಿಲ್ಲ.

ಆಮೇಲೆ ಬಂತು ಕಾನ್ಸಾಸ್ ಸಿಟಿ ಪಾರ್ಕಿನ 'ವೆರುಕ್ಟ್' ಜಾರುಬಂಡೆ. 168 ಅಡಿ ಎತ್ತರ. ಜಗತ್ತಿನಲ್ಲೇ ಎತ್ತರದ ಜಾರುಬಂಡೆ ಮಾಡಬೇಕು, ಟಿವಿಯಲ್ಲಿ ಬರಬೇಕು ಅನ್ನುವ ಅವಸರ. ಪರೀಕ್ಷೆ ಮಾಡುವಾಗ ಮರಳಿನ ಚೀಲ ಹೊತ್ತ ದೋಣಿಗಳು ಎರಡನೇ ದಿಬ್ಬದ ಮೇಲಿಂದ ಗಾಳಿಗೆ ಹಾರಿದ್ದವು. ಒಂದಷ್ಟು ತಿದ್ದಿದರು, ಮೇಲೆ ಬಲೆ ಕಟ್ಟಿದರು, ಬಲೆಗೆ ಆಧಾರವಾಗಿ ಲೋಹದ ಕಮಾನುಗಳನ್ನು ನಿಲ್ಲಿಸಿದರು. 2014ರ ಜುಲೈನಲ್ಲಿ ಜನರನ್ನು ಹತ್ತಿಸಿಯೇಬಿಟ್ಟರು. ದೋಣಿಯಲ್ಲಿ ಮೂವರು, ಹಿಡಿದಿಡಲು ವೆಲ್ಕ್ರೋ ಪಟ್ಟಿ. 14 ವರ್ಷ ತುಂಬಿರಬೇಕು ಅಂತ ಮೊದಲು ಇಟ್ಟಿದ್ದ ನಿಯಮವನ್ನೂ ಕೈಬಿಟ್ಟರು.

2016ರ ಆಗಸ್ಟ್ 7, ಭಾನುವಾರ. ಆವತ್ತು ಜನಪ್ರತಿನಿಧಿಗಳ ಕುಟುಂಬಗಳಿಗೆ ಪಾರ್ಕಿನಲ್ಲಿ ಉಚಿತ ಪ್ರವೇಶ. ಕಾನ್ಸಾಸ್ ಶಾಸಕರೊಬ್ಬರ 10 ವರ್ಷದ ಮಗ ದೋಣಿಯ ಮುಂದೆ ಕೂತಿದ್ದ, ಹಿಂದೆ ಇಬ್ಬರು ಹೆಂಗಸರು. ಭಾರವೆಲ್ಲ ಹಿಂದಕ್ಕೆ. ದಿಬ್ಬದ ಮೇಲೆ ದೋಣಿ ಹಾರಿತು, ಹುಡುಗ ಕಮಾನಿಗೆ ಬಡಿದು ಅಲ್ಲೇ ತೀರಿಕೊಂಡ. ಜೀವ ಕಾಪಾಡಲಿ ಅಂತ ಕಟ್ಟಿದ್ದ ಕಮಾನು ಅದು.

ಆ ರೈಡನ್ನು ಆ ಎರಡು ವರ್ಷ ನೋಡಿಕೊಂಡವರು ಯಾರು? ಸರ್ಕಾರಿ ಅಧಿಕಾರಿಗಳಲ್ಲ. ಕಾನ್ಸಾಸ್‌ನ ಆಗಿನ ಕಾನೂನಿನಲ್ಲಿ ತಪಾಸಣೆ ಪಾರ್ಕಿನವರ ಕೈಯಲ್ಲೇ ಇತ್ತು. 2017ರಲ್ಲಿ ಕಾನೂನು ಬಿಗಿ ಮಾಡಿದರು. ಶಾಸಕರ ಮನೆಯ ಮಗುವೇ ಹೋಗಬೇಕಾಯಿತು ಅಲ್ವಾ? ಈ ಮಾತು ಕಹಿ, ಆದರೂ ಹೇಳದೆ ಇರಲಾರೆ. 2018ರಲ್ಲಿ ಜೆಫ್ ಹೆನ್ರಿ ಮತ್ತಿತರರ ಮೇಲೆ ಕ್ರಿಮಿನಲ್ ಆರೋಪ ಹೊರಿಸಲಾಯಿತು. ಆರೋಪ ಹೊರಿಸಬೇಕೋ ಬೇಡವೋ ಅಂತ ತೀರ್ಮಾನಿಸುವ ನಾಗರಿಕರ ಮಂಡಳಿಗೆ (ಗ್ರ್ಯಾಂಡ್ ಜ್ಯೂರಿ) ಟಿವಿ ಕಾರ್ಯಕ್ರಮದ ನಾಟಕೀಯ ದೃಶ್ಯಗಳನ್ನೆಲ್ಲ ತೋರಿಸಿದ್ದು ಸರಿಯಲ್ಲ ಎಂದು 2019ರಲ್ಲಿ ನ್ಯಾಯಾಧೀಶರು ಅದನ್ನು ವಜಾ ಮಾಡಿದರು. ಅದೇ ವರ್ಷ ನ್ಯೂ ಬ್ರಾನ್‌ಫೆಲ್ಸ್, ಗ್ಯಾಲ್ವೆಸ್ಟನ್ ಪಾರ್ಕುಗಳು 26.1 ಕೋಟಿ ಡಾಲರಿಗೆ ಸೀಡರ್ ಫೇರ್ ಕಂಪನಿಯ ಪಾಲಾದವು.

ಹೆನ್ರಿ ಕುಟುಂಬವನ್ನು ಮತ್ತೆ ಕಟಕಟೆಗೆ ಎಳೆಯಿರಿ ಅಂತ ನಾನು ಕೇಳುತ್ತಿಲ್ಲ. ನನ್ನ ತಕರಾರು 1981ರದ್ದು. ಒಂದೇ ಕಡೆ ನೆಲೆಯಾಗಿ ನಿಂತ ಪಾರ್ಕುಗಳ ರೈಡ್‌ಗಳ ಮೇಲೆ ಕೇಂದ್ರ ಸರ್ಕಾರದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗಕ್ಕಿದ್ದ ಅಧಿಕಾರವನ್ನು ಆ ವರ್ಷ ನಿಮ್ಮ ಸಂಸತ್ತೇ (ಕಾಂಗ್ರೆಸ್) ಕಿತ್ತುಕೊಂಡಿತು. ಲಾರಿಯಲ್ಲಿ ಬಂದು ನಾಲ್ಕು ದಿನ ಇದ್ದು ಹೋಗುವ ಜಾತ್ರೆಯ ಜಯಂಟ್ ವೀಲ್ ಇವತ್ತಿಗೂ ಆಯೋಗದ ವ್ಯಾಪ್ತಿಯಲ್ಲಿದೆ. ಕಾಂಕ್ರೀಟ್ ಹಾಕಿ ನಿಲ್ಲಿಸಿದ 168 ಅಡಿ ಜಾರುಬಂಡೆ ಇಲ್ಲ! ಅದು ಆಯಾ ರಾಜ್ಯದ ಮರ್ಜಿ. ನಮ್ಮ ಟೆಕ್ಸಾಸಿನಲ್ಲಿ ಇದನ್ನು ನೋಡಿಕೊಳ್ಳುವುದು ವಿಮಾ ಇಲಾಖೆ, ನಂಬಿದರೆ ನಂಬಿ. ರಾಜ್ಯಗಳೇ ಸಾಕು ಅಂತ ಉದ್ಯಮದವರು ವಾದಿಸುತ್ತಾರೆ. ಕಾನ್ಸಾಸ್ ಕೂಡ ಒಂದು ರಾಜ್ಯವೇ ಆಗಿತ್ತಲ್ಲ.

ಎಡ್ ಮಾರ್ಕಿ ನಿಮ್ಮ ಸದನದಲ್ಲಿದ್ದಾಗ ಈ ಕಂಡಿ ಮುಚ್ಚಲು ಹಲವು ಸಲ ಮಸೂದೆ ತಂದರು. ಒಂದೂ ಪಾಸಾಗಲಿಲ್ಲ. ಅದನ್ನು ನೀವು ಮತ್ತೆ ಮಂಡಿಸಿ. ಯಾವ ರಾಜ್ಯದಲ್ಲಿ ಅಪಘಾತವಾದರೂ ವರದಿ ಆಯೋಗಕ್ಕೆ ಹೋಗಲಿ, ಅಲ್ಲಿನವರು ಪಾರ್ಕಿಗೆ ಬಂದು ರೈಡ್ ನಿಲ್ಲಿಸುವಂತಿರಲಿ. ಇದಕ್ಕೆ ನಿಮ್ಮ ಬೆಂಬಲ ಇದೆಯೋ ಇಲ್ಲವೋ, ದಯವಿಟ್ಟು ಬಹಿರಂಗವಾಗಿಯೇ ತಿಳಿಸಿ.

ಇಂತಿ,
ಟೆಕ್ಸಾಸಿನಲ್ಲಿರುವ ಒಬ್ಬ ಕನ್ನಡಿಗ