ಆಟಿಸಂ ಶಿಬಿರಕ್ಕೆ ಚೆಂಡೆ ಯಾಕೆ ಬೇಕಿತ್ತು?

ಮಾನ್ಯ ಸಂಪಾದಕರೇ,

ಭಾನುವಾರದ ಆಟಿಸಂ ಮಾಹಿತಿ ಶಿಬಿರ ಯಶಸ್ವಿಯಾಯಿತು ಅಂತ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಫೋಟೋದಲ್ಲಿ ದೀಪ ಹಚ್ಚುವವರೇ ಇದ್ದಾರೆ, ಮಕ್ಕಳು ಒಬ್ಬರೂ ಇಲ್ಲ. ನನ್ನ ಮೂರೂವರೆ ವರ್ಷದ ಮಗ ಆ ಹೊತ್ತಿಗೆ ಕುರ್ಚಿಯ ಅಡಿಯಲ್ಲಿದ್ದ.

ಪೆರ್ಲದ ಒಳಗಿನಿಂದ ಎರಡು ಬಸ್ ಹತ್ತಿ ಕಾಸರಗೋಡಿಗೆ ಬಂದವರು ನಾವು. ಒಂಬತ್ತೂವರೆಗೆ ಅಂದಿದ್ದರು, ಅತಿಥಿಗಳು ಬಂದದ್ದು ಹನ್ನೊಂದೂಕಾಲಿಗೆ. ಅವರನ್ನು ಚೆಂಡೆ ಬಡಿದು ಒಳಗೆ ಕರೆತಂದರು. ಮನೆಯಲ್ಲಿ ಮಿಕ್ಸಿ ತಿರುಗಿದರೇ ಅಂಗಳಕ್ಕೆ ಓಡುವ ಮಗು ಅದು. ಎರಡೂ ಕಿವಿಗೆ ಬೆರಳು ತುರುಕಿ, ಹಣೆಯನ್ನು ನೆಲಕ್ಕೆ ಒತ್ತಿ ಕಿರುಚಿದ. ಸಂಘಟಕರೊಬ್ಬರು ಬಂದು, "ಸ್ವಲ್ಪ ಹೊರಗೆ ಕರ್ಕೊಂಡು ಹೋಗಿ, ಭಾಷಣ ಶುರುವಾಗ್ತದೆ" ಅಂದರು. ಶಬ್ದ ತಡೆಯಲಾಗದಿರುವುದು ಆಟಿಸಂ ಇರುವ ಎಷ್ಟೋ ಮಕ್ಕಳಲ್ಲಿ ಕಾಣುವ ಲಕ್ಷಣ. ಅದನ್ನು ತಿಳಿಸಲಿಕ್ಕೇ ಅಲ್ವಾ ಶಿಬಿರ ಇಟ್ಟದ್ದು?

ಬಾಗಿಲಲ್ಲಿ ನಿಂತೇ ಭಾಷಣ ಕೇಳಿದೆ. ಮಗುವಿಗೆ ಮೊಬೈಲ್ ಕೊಟ್ಟ ತಾಯಂದಿರದ್ದೇ ತಪ್ಪಂತೆ. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಬೆಳೆಸಿದ ರೀತಿಯಿಂದ ಆಟಿಸಂ ಬರುವುದಿಲ್ಲ. ಈ ಮಕ್ಕಳ ಮೆದುಳು ಬೆಳೆಯುವ ಬಗೆಯೇ ಬೇರೆ. ಮೈಕ್ ಹಿಡಿಯುವ ಮೊದಲು ಇಷ್ಟಾದರೂ ತಿಳಿದುಕೊಳ್ಳಬೇಡವೇ?

ಕೊಟ್ಟ ಕರಪತ್ರ ಪೂರ್ತಿ ಮಲಯಾಳದಲ್ಲಿ. ಬಸ್ಸಿನಲ್ಲಿ ಪಕ್ಕ ಕುಳಿತ ಕಾಲೇಜು ಹುಡುಗಿ ಓದಿ ಹೇಳಿದಳು. ಹೆಸರು ಕರೆದರೆ ತಿರುಗುವುದಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ, ಹೇಳಿದ ಮಾತನ್ನೇ ಮತ್ತೆ ಹೇಳುತ್ತದೆ. ಕೇಳುತ್ತಾ ಕೈ ನಡುಗಿತು. ನನ್ನ ಮಗ ಬಿಸ್ಕತ್ತು ಬೇಕಾದರೆ ನನ್ನ ಕೈ ಹಿಡಿದು ಡಬ್ಬದ ಮೇಲೆ ಇಡುತ್ತಾನೆ. "ಚಾ ಬೇಕಾ" ಅಂದರೆ "ಚಾ ಬೇಕಾ" ಅಂತಲೇ ಹೇಳುತ್ತಾನೆ. ಜಗಲಿಯಲ್ಲಿ ಅಡಿಕೆಯನ್ನು ಸಾಲಾಗಿ ಇಡುತ್ತಾನೆ, ಒಂದು ಸರಿದರೂ ಗಂಟೆಗಟ್ಟಲೆ ಅಳು. ಒಂದೂವರೆ ವರ್ಷದಲ್ಲೇ ಇದನ್ನೆಲ್ಲ ಅಂಗನವಾಡಿಯಲ್ಲಿ ಹೇಳಿದ್ದೆ. "ಗಂಡು ಮಕ್ಕಳು ಮಾತು ತಡ, ಸುಮ್ನೆ ಹೆದರ್ಬೇಡಿ" ಅಂದರು. ಎರಡು ವರ್ಷ ಹೋಯಿತು. ಇಂಥ ಮಕ್ಕಳಿಗೆ ಬೇಗ ತರಬೇತಿ ಸಿಕ್ಕಷ್ಟು ಒಳ್ಳೆಯದು. ಆ ಎರಡು ವರ್ಷ ಯಾರು ವಾಪಸ್ ಕೊಡ್ತಾರೆ?

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕನ್ನಡದವರಾದ ನಮಗೆ ಇದೇ ಪಾಡು. ರೇಷನ್ ಕಾರ್ಡಿನ ಅರ್ಜಿ ಓದಲು ಬರುವುದಿಲ್ಲ, ಬಸ್ಸಿನ ಬೋರ್ಡ್ ಓದಲು ಬರುವುದಿಲ್ಲ. ಮಾವನವರ ಪಿಂಚಣಿಗೆ ಆರು ಸಲ ಅಲೆದೆವು, ಪ್ರತಿ ಸಲ ಬೇರೆ ಕಿಟಕಿ. ಅದನ್ನೆಲ್ಲ ಹೇಗೋ ಸಹಿಸಿದೆವು. ಮಗುವಿನ ವಿಷಯದಲ್ಲೂ ಹೀಗೇನಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ನಮ್ಮ ಕಚೇರಿಯವರು ಆ ಕಾಯ್ದೆ ಓದಿದ್ದಾರಾ?

ಕನ್ನಡದಲ್ಲಿ ಕರಪತ್ರ ಮಾಡಿ ಪ್ರತಿ ಅಂಗನವಾಡಿಗೆ ಕೊಡಿ. ಟೀಚರುಗಳಿಗೂ ಹೇಳಿಕೊಡಿ. ಆ ಭಾಷಣ ಮಾಡಿದವರು ತಾಯಂದಿರ ಕ್ಷಮೆ ಕೇಳಲಿ. ಇಷ್ಟೂ ಆಗದಿದ್ದರೆ ಮಕ್ಕಳ ಹೆಸರಲ್ಲಿ ಇನ್ನೊಂದು ಶಿಬಿರ ಇಡಬೇಡಿ. ಸಂಬಂಧಪಟ್ಟವರಿಗೆ ಸ್ವಲ್ಪ ನಾಚಿಕೆಯಾದರೂ ಆಗಲಿ.

– ಒಬ್ಬ ತಾಯಿ, ಪೆರ್ಲ